36 ಇಂಚಿನ ಚೈನ್‌ಸಾ ಮಿಲ್: ಕೆಲವು ಸೀಸನ್ ಬಳಸಿದ ಮೇಲೆ

ಚೈನ್‌ಸಾದ ಬಾರ್‌ಗೆ (ಚೈನು ಸುತ್ತುವ ಉದ್ದ ಪಟ್ಟಿಗೆ) ಬಿಗಿದು, ದಿಮ್ಮಿಯನ್ನು ಬಿದ್ದ ಜಾಗದಲ್ಲೇ ಹಲಗೆಯಾಗಿ ಸೀಳುವ ಫ್ರೇಮ್ ಇದು. ಲಾರಿ ಇಳಿಯದ ತೋಟದ ಇಳಿಜಾರಿನಲ್ಲಿ ದಪ್ಪ ಸಿಲ್ವರ್ ಓಕ್ ಅಥವಾ ಹಲಸು ಬಿದ್ದಿದ್ದರೆ ಮಾತ್ರ ಇದನ್ನು ಕೊಳ್ಳಿ. ದಿಮ್ಮಿ ರಸ್ತೆಗೆ ಬರುವಂತಿದ್ದರೆ ಸಾಮಿಲ್ಲೇ ಲಾಭ. ಚೈನು ಒಂದೊಂದು ಸೀಳಿಗೂ 8ರಿಂದ 9 ಮಿ.ಮೀ. ಮರವನ್ನು ಹುಡಿ ಮಾಡುತ್ತದೆ, ಸಾಮಿಲ್ಲಿನ ಬ್ಯಾಂಡ್‌ಸಾ 2 ಮಿ.ಮೀ. ಆಸುಪಾಸು. ಒಂದಿಂಚಿನ ಹಲಗೆ ತೆಗೆಯಹೊರಟರೆ ಮೂರು ಸೀಳಿಗೆ ಒಂದು ಹಲಗೆ ಹುಡಿಯಾಗಿ ನೆಲ ಸೇರುತ್ತದೆ. ಎರಡಿಂಚಿನ ಹಲಗೆ, ತೊಲೆ, ಮೇಜಿನ ಸ್ಲ್ಯಾಬ್‌ಗೆ ಸರಿ.

36 ಇಂಚಿನ ಬಾರ್ ಎಂದರೂ ಕ್ಲ್ಯಾಂಪ್‌ಗಳು ಐದಾರು ಇಂಚು ತಿನ್ನುತ್ತವೆ. 70 ಸಿಸಿಯ ಗರಗಸ 20 ಇಂಚಿನವರೆಗೆ ಎಳೆಯುತ್ತದೆ. ಅದಕ್ಕಿಂತ ಅಗಲಕ್ಕೆ 90 ಸಿಸಿ ಬೇಕು.

ಫ್ರೇಮ್ ಗಟ್ಟಿ, ಬೋಲ್ಟ್‌ಗಳು ಅಲ್ಲ. ಅದುರಾಟಕ್ಕೆ ಸಡಿಲವಾಗುತ್ತವೆ, ನೈಲಾನ್ ಲಾಕ್‌ನಟ್ ಹಾಕಿಕೊಳ್ಳಿ. ಕಂಬದ ಮೇಲಿನ ಅಳತೆ ಗೀರುಗಳನ್ನು ನಂಬಬೇಡಿ. ಎರಡೂ ತುದಿಯಲ್ಲಿ ಬಾರ್‌ನಿಂದ ಮಿಲ್‌ನ ರೈಲ್‌ಗೆ (ಮರದ ಮೇಲೆ ಜಾರುವ ಪಟ್ಟಿಗೆ) ಟೇಪ್ ಹಿಡಿದೇ ಹೊಂದಿಸಿ. ಬಾರ್ ಮೂತಿಯ ಕ್ಲ್ಯಾಂಪನ್ನು ಅಲ್ಲಿನ ಸ್ಪ್ರಾಕೆಟ್ (ಚೈನು ತಿರುಗುವ ಹಲ್ಲುಚಕ್ರ) ಮೇಲೆ ಬಿಗಿದರೆ ಬೇರಿಂಗ್ ಹೋಗುತ್ತದೆ, ಅದರ ಹಿಂದೆ ಬಿಗಿಯಿರಿ.

ಹಲಗೆಯ ಹಣೆಬರಹ ಮೊದಲ ಸೀಳಿನಲ್ಲೇ ನಿರ್ಧಾರ. ಮಿಲ್ ನೇರವಾಗಿ ಜಾರಲು ದಿಮ್ಮಿಯ ಮೇಲೆ ಅಲ್ಯೂಮಿನಿಯಂ ಏಣಿ ಇಟ್ಟು, ಎರಡೂ ತುದಿಯಲ್ಲಿ ಲೆವೆಲ್ ನೋಡಿ ಸ್ಕ್ರೂ ಹಾಕಿ; ನಡುವೆ ಬಾಗದಂತೆ ಬೆಣೆ ಕೊಡಿ. ಏಣಿ ತುಸು ತಿರುಚಿದ್ದರೂ ಆ ತಿರುಚು ಕೊನೆಯ ಹಲಗೆಯವರೆಗೂ ಇಳಿಯುತ್ತದೆ. ಸ್ಕ್ರೂ ಮರದೊಳಗೆ ಸೀಳಿನ ಆಳ ಮುಟ್ಟಬಾರದು, ಮುಟ್ಟಿದರೆ ಚೈನಿನ ಹಲ್ಲು ಉಳಿಯದು. ಬೇಲಿ ಸಾಲಿನ ಮರದೊಳಗೆ ಹಳೆಯ ಮುಳ್ಳುತಂತಿ ಹೂತಿರುತ್ತದೆ, ಬುಡದ ನಾಲ್ಕಡಿ ಬಿಟ್ಟುಬಿಡುವುದೇ ಜಾಣತನ. ಇಳಿಜಾರಿನಲ್ಲಿ ಮೇಲಿನ ತುದಿಯಿಂದ ಕೆಳಕ್ಕೆ ಸೀಳಿದರೆ ಮಿಲ್ ತನ್ನ ತೂಕಕ್ಕೇ ಜಾರುತ್ತದೆ, ತೋಳಿಗೆ ಸುಖ. ಆದರೆ ದಿಮ್ಮಿ ಉರುಳದಂತೆ ಕೆಳಬದಿಗೆ ಗೂಟ ಹೊಡೆದಿರಬೇಕು. ಎರಡು ಮೂರು ಅಡಿ ಮುಂದೆ ಹೋದಂತೆ ಹಿಂದಿನ ಸೀಳಿಗೆ ಬೆಣೆ ತಟ್ಟುತ್ತಾ ಹೋಗಿ, ಇಲ್ಲದಿದ್ದರೆ ಮರ ಬಾರನ್ನು ಕಚ್ಚುತ್ತದೆ.

ಮಾಮೂಲಿ ಚೈನು 30 ಡಿಗ್ರಿಯದ್ದು, ಅಡ್ಡ ಕತ್ತರಿಸಲು. ಉದ್ದ ಸೀಳಲು ಹಲ್ಲನ್ನು 10 ಡಿಗ್ರಿಗೆ ಅರ ಹಾಕಿ. ಒಂದೊಂದು ಸೀಳಾದ ಮೇಲೂ ಹರಿತ ಮಾಡಲೇಬೇಕು. ಹುಡಿ ಮೈದಾ ಹಿಟ್ಟಿನಂತಾಗಿ ಹೊಗೆ ಬಂದರೆ ಚೈನು ಮೊಂಡಾಗಿದೆ ಎಂದರ್ಥ. ಸೀಳು ಒಂದೇ ಬದಿಗೆ ಎಳೆದರೆ ಒಂದು ಬದಿಯ ಹಲ್ಲುಗಳು ಗಿಡ್ಡ. ಗರಗಸದ ಸ್ವಂತ ಎಣ್ಣೆ ಇಷ್ಟುದ್ದದ ಬಾರ್‌ಗೆ ಸಾಲದು, ಮೂತಿಗೆ ಬೇರೆ ಎಣ್ಣೆ ತೊಟ್ಟಿಕ್ಕುವ ಬಾಟಲಿ ಕಟ್ಟಿ. ಟ್ಯಾಂಕ್ ಪೆಟ್ರೋಲ್ ಮುಗಿದಾಗಲೆಲ್ಲ ಏರ್ ಫಿಲ್ಟರ್ ಕೊಡವಿ. ಸೀಳು ಮುಗಿದ ತಕ್ಷಣ ಇಂಜಿನ್ ಆರಿಸದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ.

ಹಲಸಿನ ಅಂಟು ಚೈನಿಗೆ ಹಿಡಿದರೆ ಸೀಮೆಎಣ್ಣೆ. ಸಿಲ್ವರ್ ಹುಡಿ ಕೆಲವರ ಚರ್ಮಕ್ಕೆ ಒಗ್ಗದು, ತುರಿಕಜ್ಜಿಯಂತೆ ಏಳುತ್ತದೆ. ತುಂಬುತೋಳು, ಮಾಸ್ಕ್ ಇರಲಿ. ಬೀಟೆ, ತೇಗಕ್ಕೆ ಕೈ ಹಾಕುವ ಮುನ್ನ ಅರಣ್ಯ ಇಲಾಖೆಯ ಅನುಮತಿ. ಬಾಣೆ (ಕೊಡಗಿನಲ್ಲಿ ಗದ್ದೆಗೆ ಸೇರಿಸಿ ಕೊಟ್ಟ ಕಾಡುಜಾಗ) ಆದರೆ ಮರದ ಹಕ್ಕು ಯಾರದ್ದೆಂದು ದಾಖಲೆ ನೋಡಿ.

ಮಳೆ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ ಸೀಳಿ. ಹಲಗೆಯ ತುದಿಗಳಿಗೆ ಅಂದೇ ಪೇಂಟ್ ಬಳಿದು, ಒಂದೂವರೆ ಅಡಿಗೊಂದು ಒಂದಿಂಚಿನ ರೀಪರ್ ಇಟ್ಟು, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿ, ಮೇಲೆ ಭಾರ ಹೇರಿ. ಒಣಗಲು ದಪ್ಪದ ಇಂಚಿಗೊಂದು ವರ್ಷ ಎಂಬ ಲೆಕ್ಕ ನಮ್ಮ ಮಳೆಸೀಮೆಗೆ ಸಾಲದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಒಣಗುವುದೇ ಇಲ್ಲ.