ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ರಿಪೇರಿ: ಹೆಡ್ ಹೋಗಿದೆ ಅಂದರು, ಹೋಗಿದ್ದು ಕೇಬಲ್ಲು

ನಮ್ಮ ಆಫೀಸಿನಲ್ಲಿ 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದಿದೆ. ಗಲಾಟೆ ಜಾಸ್ತಿ, ವೇಗ ಕಡಿಮೆ. ಆದರೂ ಒಂದೇ ಏಟಿಗೆ ಮೂರು ಕಾಪಿ ಬಿಲ್ ಬೇಕೆಂದರೆ ಇದೇ ಆಗಬೇಕು, ಕಾರ್ಬನ್ ಮೇಲೆ ಕುಟ್ಟುವ ಕೆಲಸ ಲೇಸರ್ ಪ್ರಿಂಟರಿಗೆ ಆಗಲ್ಲ ಅಲ್ವಾ.

ಹೋದ ತಿಂಗಳು ಅಂಕಿಗಳ ನಡುವೆ ಅಡ್ಡಕ್ಕೆ ಒಂದು ಸಣ್ಣ ಬಿಳಿ ಗೆರೆ ಬರಲು ಶುರುವಾಯಿತು. 8ರ ನಡುವಿನ ಕಡ್ಡಿಯೇ ಮಾಯ, ನೋಡಿದರೆ 0 ಥರ. ಬಿಲ್ಲಿನಲ್ಲಿ ಹೀಗಾದರೆ ಗತಿ ಏನು?

ಮೊದಲು ಕೇಳಿದ ರಿಪೇರಿಯವರು ಪ್ರಿಂಟರ್ ನೋಡಲೇ ಇಲ್ಲ. ಫೋನಿನಲ್ಲೇ "ಹೆಡ್ ಹೋಗಿದೆ, ಬದಲಾಯಿಸಬೇಕು" ಅಂದುಬಿಟ್ಟರು. ಹೆಡ್ ಅಂದರೆ ಅತ್ತಿಂದಿತ್ತ ಓಡಾಡುತ್ತಾ, ಪಿನ್ನುಗಳಿಂದ ಶಾಯಿ ರಿಬ್ಬನ್ ಮೇಲೆ ಕುಟ್ಟಿ ಅಕ್ಷರ ಮೂಡಿಸುವ ಭಾಗ. ಪ್ರಿಂಟರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗವೇ ಅದು. ಸ್ವಲ್ಪ ತಡೆಯೋಣ ಅಂತ ಇನ್ನೊಬ್ಬರನ್ನು ಕರೆಸಿದೆವು. ಈ ರಿವ್ಯೂ ಅವರ ಕೆಲಸದ ಬಗ್ಗೆ.

ಬಂದವರೇ ಸ್ಕ್ರೂಡ್ರೈವರ್ ತೆಗೆಯಲಿಲ್ಲ, ಹಳೇ ಬಿಲ್ ಕೊಡಿ ಅಂದರು. ಬೆಳಕಿಗೆ ಹಿಡಿದು ನೋಡಿ, "ಗೆರೆ ಬಲಗಡೆ ಮಾತ್ರ ಇದೆ, ಎಡಗಡೆ ಇಲ್ಲ, ಗಮನಿಸಿದ್ರಾ ಸರ್?" ಅಂದರು. ನಾವು ಗಮನಿಸಿರಲಿಲ್ಲ. ಮೊತ್ತ ಇರುವುದು ಬಲಗಡೆ ಕಾಲಂನಲ್ಲಿ, ನಮ್ಮ ಕಣ್ಣೆಲ್ಲ ಅಲ್ಲೇ. ಪಿನ್ ಮುರಿದಿದ್ದರೆ ಗೆರೆ ಹಾಳೆಯ ಈ ತುದಿಯಿಂದ ಆ ತುದಿಗೂ ಇರಬೇಕಿತ್ತಂತೆ. ಆಮೇಲೆ ಎಲ್‌ಎಫ್ (ಪೇಪರ್ ಮುಂದೆ ಸರಿಸುವ) ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿ ಸೆಲ್ಫ್ ಟೆಸ್ಟ್, ಅಂದರೆ ಕಂಪ್ಯೂಟರ್ ಇಲ್ಲದೆ ಪ್ರಿಂಟರ್ ತಾನೇ ಹೊಡೆಯುವ ಪ್ರಿಂಟ್, ತೆಗೆದರು. ಅದರಲ್ಲೂ ಅದೇ ಗೆರೆ. ಅಲ್ಲಿಗೆ ಕಂಪ್ಯೂಟರ್, ಡೇಟಾ ಕೇಬಲ್ ಎರಡರದ್ದೂ ತಪ್ಪಿಲ್ಲ ಅಂತಾಯಿತು.

ಹೆಡ್ ಸುಡುತ್ತಿತ್ತು, ಆರುವವರೆಗೆ ಸುಮ್ನೆ ಕೂತರು. ಬಿಚ್ಚಿ, ಪಿನ್ನಿಗೊಂದರಂತೆ ಅದನ್ನು ಹೊಡೆಸುವ ಒಂಬತ್ತೂ ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿದರು, ಎಲ್ಲ ಹೆಚ್ಚೂಕಮ್ಮಿ ಒಂದೇ ರೀಡಿಂಗ್. ಒಂದು ಕಾಯಿಲ್ ಸುಟ್ಟಿದ್ದರೂ ನೇರ ಹೊಸ ಹೆಡ್ ಹಾಕಬಾರದಂತೆ, ಬೋರ್ಡಿನಲ್ಲಿ ಆ ಪಿನ್ನಿಗೆ ಕರೆಂಟ್ ಬಿಡುವ ಡ್ರೈವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆಯಾ ನೋಡಬೇಕು, ಇಲ್ಲದಿದ್ದರೆ ಹೊಸದೂ ಸುಟ್ಟುಹೋಗುತ್ತದೆ. ಕೊನೆಗೆ ಹೆಡ್‌ನಿಂದ ಬೋರ್ಡಿಗೆ ಹೋಗುವ ಆ ಚಪ್ಪಟೆ ಕೇಬಲ್ ಬಿಚ್ಚಿ, ಎರಡೂ ತುದಿಗೆ ಮೀಟರ್ ಇಟ್ಟು ಮೆಲ್ಲಗೆ ಬಗ್ಗಿಸಿದರು. ಬೀಪ್ ಅಂತಿದ್ದ ಮೀಟರ್ ಒಂದು ಮಡಿಕೆಗೆ ಬಂದಾಗ ತಟ್ಟನೆ ನಿಂತಿತು. ಕೂದಲೆಳೆಯಷ್ಟು ಬಿರುಕು. ಹೆಡ್ ಬಲಕ್ಕೆ ಹೋದಾಗ ಬಾಯಿ ಬಿಡುತ್ತಿತ್ತು, ಎಡಕ್ಕೆ ಬಂದಾಗ ಕೂಡಿಕೊಳ್ಳುತ್ತಿತ್ತು.

ಕೇಬಲ್ ಬದಲಾಯಿಸಿದರು, 8 ಮತ್ತೆ 8 ಆಯಿತು. ನಮಗೆ ಬೈಗುಳವೂ ಸಿಕ್ಕಿತು. ಮೂರು ಪದರದ ಪೇಪರ್ ಹಾಕಿ, ಪೇಪರಿನ ದಪ್ಪಕ್ಕೆ ತಕ್ಕಂತೆ ಹೆಡ್‌ನ ಅಂತರ ಹೊಂದಿಸುವ ಲಿವರನ್ನು ಒಂಟಿ ಹಾಳೆಯ ಜಾಗದಲ್ಲೇ ಬಿಟ್ಟಿದ್ದೆವು. ಹಾಗೆ ಬಿಟ್ಟರೆ ರಿಬ್ಬನ್ ಉಜ್ಜಿ ಎಳೆ ಏಳುತ್ತದೆ, ಆ ಎಳೆಗೆ ಪಿನ್ ಸಿಕ್ಕಿಕೊಳ್ಳುತ್ತದೆ.

ದೂರೂ ಇದೆ. ಕೇಬಲ್ ತರಿಸಲು ನಾಲ್ಕು ದಿನ ಹಿಡಿಯಿತು, ನಡುವೆ ಒಂದು ಫೋನೂ ಇಲ್ಲ. ಮತ್ತೆ ಜೋಡಿಸಿದ ಮೇಲೆ ಅಲೈನ್‌ಮೆಂಟ್ ನೋಡದೇ ಹೋದರು. ಟೇಬಲ್ಲಿನ ಉದ್ದ ಗೆರೆಗಳು ಒಂದು ಸಾಲು ಆಚೆ, ಒಂದು ಸಾಲು ಈಚೆ. ಹೆಡ್ ಹೋಗುವಾಗ ಒಂದು ಕಡೆ, ವಾಪಸ್ ಬರುವಾಗ ಇನ್ನೊಂದು ಕಡೆ ಹೊಡೆಯುತ್ತಿತ್ತು. ಪ್ರಿಂಟರಿನ ಸೆಟ್ಟಿಂಗ್‌ನಲ್ಲೇ ಅದನ್ನು ಸರಿ ಮಾಡುವ ಆಯ್ಕೆ ಇತ್ತು, ನಾನೇ ಮಾಡಿಕೊಂಡೆ.

ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಫೋನ್ ಮಾಡಿದ್ದರೆ ಐದೂ ಕೊಡುತ್ತಿದ್ದೆ.