ಸೋಡಾರ್: ಚಳಿಗಾಲದ ಬೆಳಗಿಗೆ ಪೂರ್ತಿ ಅಂಕ, ಮಳೆಗಾಲದ ರಾತ್ರಿಗೆ ಇಲ್ಲ

ಆಕಾಶಕ್ಕೆ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ಮೇಲಿನ ಗಾಳಿಯನ್ನು ಅಳೆಯುವ ಯಂತ್ರ ಸೋಡಾರ್. ಅದನ್ನು ಕೊಳ್ಳುವ ಯೋಚನೆ ಇದ್ದವರು ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಅದರ ಪರದೆ ಮುಂದೆ ಕೂರಬೇಕು. ಚಿತ್ರದುರ್ಗದ ಕಡೆಯ ಬಯಲಲ್ಲಿ ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಈಗಲೂ ಆ ಹೊತ್ತಲ್ಲಿ ಬೇರೆ ಕೆಲಸ ಹಚ್ಚಿಕೊಳ್ಳುವುದಿಲ್ಲ.

ರಾತ್ರಿ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅಲ್ಲೇ ಉಳಿಯುತ್ತದೆ, ಬೆಚ್ಚಗಿನದು ಮೇಲಿರುತ್ತದೆ. ಪರದೆಯಲ್ಲಿ ಇದು ತಳಕ್ಕೆ ಅಂಟಿದ ದಟ್ಟ ಪಟ್ಟಿ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಪಟ್ಟಿ ನೆಲ ಬಿಡುತ್ತದೆ. ಅದರ ಕೆಳಗೆ ಸಣ್ಣ ಸಣ್ಣ ಮೊನೆಗಳು ಏಳುತ್ತವೆ, ಕಾದ ನೆಲದಿಂದ ಎದ್ದ ಬಿಸಿಗಾಳಿ ಅದು. ಪಟ್ಟಿ ಮೇಲೇರುತ್ತಾ, ಬಳುಕುತ್ತಾ, ತೆಳುವಾಗಿ ಕೊನೆಗೆ ಹರಿದುಹೋಗುತ್ತದೆ. ಆಗ ಹೊರಗೆ ಬಂದರೆ, ಊರ ಮೇಲೆ ನಿಂತಿದ್ದ ಒಲೆಯ ಹೊಗೆಯೂ ಚದುರಿರುತ್ತದೆ. ಎಷ್ಟು ಸಲ ನೋಡಿದರೂ ಸಾಕು ಅನ್ನಿಸಿಲ್ಲ.

ಸ್ಪೀಕರ್‌ಗಳು ಆಕಾಶಕ್ಕೆ ‘ಪೀಂ’ ಅಂತ ಕೂಗಿ, ಆಮೇಲೆ ತಾವೇ ಮೈಕ್ ಆಗಿ ಕಾಯುತ್ತವೆ. 500 ಮೀಟರ್ ಮೇಲೆ ಹೋದ ಸದ್ದು ವಾಪಸ್ ಬರಲು ಸುಮಾರು 3 ಸೆಕೆಂಡ್. ನಮ್ಮದು ಕೂಗುವುದು 2000 ಹರ್ಟ್ಸ್‌ನಲ್ಲಿ, ಅಂದರೆ ಅಲೆಯ ಉದ್ದ 17 ಸೆಂಟಿಮೀಟರ್. ಅದನ್ನು ಹಿಂದಕ್ಕೆ ಕಳಿಸುವುದು ಅದರ ಅರ್ಧ ಅಳತೆಯ, ಅಂಗೈಯಗಲದ ಬಿಸಿ-ತಂಪಿನ ಏರುಪೇರು. ಅಷ್ಟು ಎತ್ತರದ ಅಷ್ಟು ಸಣ್ಣ ಕಲಕಾಟ ನೆಲದಲ್ಲಿ ಕೂತವರಿಗೆ ಗೊತ್ತಾಗುತ್ತದಲ್ವಾ! 1968ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಮೆಕ್‌ಆಲಿಸ್ಟರ್ ಇಂಥ ಪ್ರತಿಧ್ವನಿಗಳನ್ನು ಪ್ರಕಟಿಸಿದಾಗ ಓದಿದವರಿಗೆ ಹೇಗನ್ನಿಸಿತ್ತೋ.

ದಿನಾ ಬೆಳಿಗ್ಗೆ ಸ್ಪೀಕರ್‌ಗಳ ಬಾಯಿಯಿಂದ ಇಬ್ಬನಿ, ಧೂಳು ಒರೆಸುತ್ತೇನೆ. ಒಳಗಿನ ಫೋಮ್‌ನಲ್ಲಿ ಕಣಜ ಗೂಡು ಕಟ್ಟಿದೆಯಾ ನೋಡುತ್ತೇನೆ. ಆಮೇಲೆ ಯಂತ್ರ ಶುರು ಮಾಡಿ, ಅದರ ಸುತ್ತಲಿನ ಗೋಡೆಯಾಚೆ ನಿಂತು ಮೂರು ಕೂಗು ಕೇಳುತ್ತೇನೆ: ಒಂದು ನೆಟ್ಟಗೆ ಮೇಲಕ್ಕೆ, ಒಂದು ಪೂರ್ವಕ್ಕೆ ವಾಲಿ, ಒಂದು ಉತ್ತರಕ್ಕೆ. ಯಾವುದಾದರೂ ಮಂಕಾಗಿ ಕೇಳಿಸಿದರೆ ಸ್ಪೀಕರ್ ಕೈಕೊಡುತ್ತಿದೆ ಅಂತ ಅರ್ಥ. ಸಾಫ್ಟ್‌ವೇರ್‌ಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಬೇಸರ ಶುರುವಾಗುವುದು ಜೂನ್‌ನಲ್ಲಿ. ಮಳೆ ಹನಿ ಸ್ಪೀಕರ್ ಮೇಲೆ ಬಿದ್ದರೆ ಪರದೆ ತುಂಬ ಬರೀ ಗದ್ದಲ. ಮಳೆ ನಿಂತರೆ ಕಪ್ಪೆ, ಜೀರುಂಡೆ. ಜೊತೆಗೆ ನಮ್ಮ ಕಡೆಯ ಮುಂಗಾರು ಗಾಳಿ ಗೋಡೆಗೆ ಬಡಿದು ಸುಯ್ಯೆನ್ನುತ್ತದೆ. ಕೆಲವು ರಾತ್ರಿ 150 ಮೀಟರ್ ಮೇಲಿನದು ಏನೂ ನಂಬುವ ಹಾಗಿರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗಂತೂ ಮಳೆಯಿಲ್ಲದ ದಿನವೂ ಪ್ರತಿಧ್ವನಿ ಸೊರಗುತ್ತದೆ. ನೇರ ವಾಪಸ್ ಬರುವ ಸದ್ದಿಗೆ ಬಿಸಿ-ತಂಪಿನ ವ್ಯತ್ಯಾಸ ಬೇಕೇ ಬೇಕು, ಗಾಳಿಯ ಸುಳಿ ಒಂದೇ ಇದ್ದರೆ ಸಾಲದು. ದೂರದಲ್ಲಿ ಇನ್ನೊಂದು ಮೈಕ್ ಇಟ್ಟರೆ ಅದೂ ಸಿಗುತ್ತದೆ, ಆದರೆ ನಮಗೆ ಅಷ್ಟು ದುಡ್ಡಿಲ್ಲ.

ನಮ್ಮ ಸದ್ದು ಬೇರೆಯವರಿಗೆ ಕಾಟ ಕೊಡುವುದು ಇನ್ನೊಂದು. ತೋಟದ ಮನೆಯ ಅಜ್ಜಿ ಒಂದು ದಿನ ಬಂದು, “ರಾತ್ರಿಯೆಲ್ಲ ಪೀಂ ಪೀಂ ಅಂತದೆ, ನಿದ್ದೆ ಹತ್ತಲ್ಲ ಕಣಪ್ಪ” ಅಂದರು. ಅವರ ಮಗನೇ ಗಾಡಿಯಲ್ಲಿ ರಾಗಿ ಹುಲ್ಲು ತಂದು ಸುತ್ತ ಎತ್ತರಕ್ಕೆ ಒಟ್ಟಿಕೊಟ್ಟ. ಹೊರಗೆ ಹೋಗುವ ಸದ್ದು ತಗ್ಗಿತು. ಒಳಗೆ ಬರುವ ಜೀರುಂಡೆ ಸದ್ದೂ ತಗ್ಗಿತು! ಗಾಳಿ ಜೋರಿಲ್ಲದ ರಾತ್ರಿಗಳಲ್ಲಿ ಈಗ ನಂಬುವಂಥ ಅಂಕಿ ಸಿಗುವ ಎತ್ತರ ಎಷ್ಟೋ ಸುಧಾರಿಸಿದೆ. ಅಜ್ಜಿಯೂ ಮತ್ತೆ ಬಂದಿಲ್ಲ.

ನೆಟ್ಟಗಿನ ಕೂಗಿನಿಂದ ಸಿಗುವ, ಗಾಳಿ ಮೇಲೆ-ಕೆಳಗೆ ತುಯ್ಯುವ ಲೆಕ್ಕವನ್ನು ನಾನು ಬಳಸುತ್ತೇನೆ. ಅಡ್ಡಗಾಳಿಯ ಏರಿಳಿತದ ಅಂಕಿಗಳನ್ನು ಬಳಸುವುದಿಲ್ಲ. ಮೂರು ಕೂಗೂ ಒಂದೇ ಗಾಳಿಯನ್ನು ಒಂದೇ ಗಳಿಗೆಯಲ್ಲಿ ನೋಡುವುದಿಲ್ಲವಲ್ಲ.

ಉದ್ದದ ಕಂಬ ನಿಲ್ಲಿಸಿ ಮಟ್ಟಮಟ್ಟಕ್ಕೂ ಉಪಕರಣ ಕಟ್ಟುವ ಶಕ್ತಿ ನಮ್ಮಂಥ ಸಣ್ಣ ಪ್ರಯೋಗಾಲಯಕ್ಕಿಲ್ಲ. ಹಾಗಾಗಿ ನಮಗೆ ಇದೇ ಸರಿ. ಅಕ್ಕಪಕ್ಕ ಮನೆಗಳಿದ್ದರೆ ಬೇಡ, ಸದ್ದಿನ ಬದಲು ಲೇಸರ್ ಬೆಳಕು ಬಳಸುವ, ಗದ್ದಲದ ಹಂಗಿಲ್ಲದ ಲೈಡಾರ್‌ಗೆ ದುಡ್ಡು ಕೂಡಿಸಿ. ಬಯಲು ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಿ, ಹುಲ್ಲನ್ನು ಮಾತ್ರ ಜೂನ್‌ಗೆ ಮೊದಲೇ ತರಿಸಿಡಿ.