ಹಬ್ ಡೈನಮೋ: ಎರಡು ಮಳೆಗಾಲ, 11 ಸಾವಿರ ಕಿಲೋಮೀಟರ್ ಆದ ಮೇಲೆ

ಸೈಕಲ್ಲಿನ ಮುಂದಿನ ಚಕ್ರದ ನಡುವೆ ಕೂರುವ ಡೈನಮೋ ಹಾಕಿಸಿ ನನಗೆ ಹದಿನಾರು ತಿಂಗಳಾಯಿತು. 2024ರ ಮೇ ಕೊನೆಯಲ್ಲಿ ಹಾಕಿಸಿದ್ದು. ಅಲ್ಲಿಂದ ಮಲೆನಾಡಿನ ಎರಡು ಮಳೆಗಾಲ ನೋಡಿದೆ, 11,200 ಕಿ.ಮೀ. ಉರುಳಿದೆ. ಹೊಸದರಲ್ಲೇ ಬರೆದಿದ್ದರೆ ಬರೀ ಹೊಗಳಿಬಿಡುತ್ತಿದ್ದೆ. ಈಗ ಅದರ ಒಳ್ಳೆಯದೂ ಗೊತ್ತು, ಕೈಕೊಡುವುದು ಎಲ್ಲಿ ಅನ್ನುವುದೂ ಗೊತ್ತು.

ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ಬರುವ ಜೂನ್‌ನಲ್ಲಿ ಟೂರ್ ಡಿವೈಡ್ ಅನ್ನುವ ಸೈಕಲ್ ರೇಸ್ ಓಡಿಸಬೇಕು ಅಂತ ತಯಾರಿ ನಡೆಸಿದ್ದೇನೆ. ಕೆನಡಾದ ಬ್ಯಾನ್ಫ್‌ನಿಂದ ಹೊರಟು ರಾಕಿ ಬೆಟ್ಟಸಾಲಿನ ಗುಂಟ ಇಳಿಯುತ್ತಾ, ಅಮೆರಿಕ ಮತ್ತು ಮೆಕ್ಸಿಕೋ ಗಡಿಯ ಆಂಟಿಲೋಪ್ ವೆಲ್ಸ್‌ವರೆಗೆ ಸುಮಾರು 4,400 ಕಿ.ಮೀ. ದಾರಿ ಬಹುಪಾಲು ಜಲ್ಲಿ, ಮಣ್ಣು. ಹತ್ತುವ ಎತ್ತರ ಒಟ್ಟು ಸುಮಾರು 60,000 ಮೀಟರ್. ನಮ್ಮ ಲೆಕ್ಕದಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ನೂರಕ್ಕೂ ಹೆಚ್ಚು ಸಲ ಹತ್ತಿದ ಹಾಗೆ. 2016ರಲ್ಲಿ ಬ್ರಿಟನ್ನಿನ ಸೈಕಲ್ ಸವಾರ ಮೈಕ್ ಹಾಲ್ ಇದನ್ನು 14 ದಿನದೊಳಗೆ ಮುಗಿಸಿದ್ದರು. ನಾನು 26 ದಿನ ಇಟ್ಟುಕೊಂಡಿದ್ದೇನೆ. ಅಷ್ಟು ದಿನ ಪ್ಲಗ್ಗು ಹುಡುಕದೆ ಲೈಟಿಗೆ, ಫೋನಿಗೆ ಕರೆಂಟು ಬೇಕಲ್ಲ, ಅದಕ್ಕೇ ಡೈನಮೋ.

ಈ ರೇಸಿನ ನಿಯಮ ಸರಳ, ಆದರೆ ಕಟ್ಟುನಿಟ್ಟು. ದಾರಿಯಲ್ಲಿ ಸಿಗುವ ಅಂಗಡಿ, ಹೋಟೆಲು, ಲಾಡ್ಜು, ಸೈಕಲ್ ಶಾಪು ಎಲ್ಲರಿಗೂ ತೆರೆದಿರುವುದರಿಂದ ಅವನ್ನು ಬಳಸಬಹುದು. ನಮ್ಮವರು ಯಾರೋ ಕಾರಿನಲ್ಲಿ ಬಂದು ಊಟ ಕೊಡುವುದು, ಬಿಡಿಭಾಗ ತಂದುಕೊಡುವುದು ನಡೆಯುವುದಿಲ್ಲ. ಹಾಗಾಗಿ ಯಾವ ಸಾಮಾನು ಕೊಳ್ಳುವಾಗಲೂ ನಾನು ಕೇಳಿಕೊಳ್ಳುವುದು ಒಂದೇ. ಇದು ನಡುದಾರಿಯಲ್ಲಿ ಕೆಟ್ಟರೆ, ನನ್ನ ಚೀಲದಲ್ಲಿ ಇರುವುದರಿಂದಲೇ ರಿಪೇರಿ ಮಾಡಿಕೊಳ್ಳಬಹುದಾ? ಡೈನಮೋವನ್ನು ಇಷ್ಟು ದಿನ ಮಳೆಯಲ್ಲಿ, ಕೆಸರಿನಲ್ಲಿ ಓಡಿಸಿ ನೋಡಿದ್ದೂ ಇದಕ್ಕೇ.

ಡೈನಮೋ ನಮಗೇನೂ ಹೊಸದಲ್ಲ ಅಲ್ವಾ? ಅಪ್ಪನ ಸೈಕಲ್ಲಿಗೆ ಬಾಟಲಿಯ ಹಾಗಿದ್ದ ಡೈನಮೋ ಇತ್ತು. ರಾತ್ರಿ ಅದನ್ನು ಟೈರಿಗೆ ಒತ್ತಿಬಿಟ್ಟರೆ ಗುಂಯ್ ಅನ್ನುತ್ತಿತ್ತು, ಮುಂದೆ ಹಳದಿ ಬೆಳಕು. ಅಪ್ಪ ಅಡಿಕೆ ಮಂಡಿಯಿಂದ ವಾಪಸ್ ಬರುವುದು ನಮಗೆ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಮಳೆ ಬಂದರೆ ಮಾತ್ರ ಟೈರು ಒದ್ದೆಯಾಗಿ ಅದು ಜಾರುತ್ತಿತ್ತು, ಲೈಟು ಆರುತ್ತಿತ್ತು. ಹಬ್ ಡೈನಮೋದಲ್ಲಿ ಆ ತೊಂದರೆ ಇಲ್ಲ. ಅಯಸ್ಕಾಂತಗಳು, ತಾಮ್ರದ ಸುರುಳಿ ಎಲ್ಲಾ ಹಬ್ ಒಳಗೇ ಮುಚ್ಚಿಕೊಂಡಿವೆ. ಚಕ್ರ ತಿರುಗಿದರೆ ಸಾಕು, ಟೈರಿಗೆ ತಾಗುವುದು ಏನೂ ಇಲ್ಲ. ಆದರೆ ಶಕ್ತಿ ಮಾತ್ರ ಹಳೆಯದರಷ್ಟೇ: 6 ವೋಲ್ಟ್, 3 ವ್ಯಾಟ್. ಅದೂ ಗಂಟೆಗೆ 15 ಕಿ.ಮೀ. ವೇಗ ಇದ್ದಾಗ. ಈ ಮೂರು ವ್ಯಾಟನ್ನು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ.

ಚಕ್ರ ಕಟ್ಟಿಕೊಟ್ಟವರು ತೀರ್ಥಹಳ್ಳಿಯ ಒಬ್ಬ ಹಿರಿಯ ಮೆಕ್ಯಾನಿಕ್. 32 ಕಡ್ಡಿ, 29 ಇಂಚಿನ ರಿಮ್ಮು. ಹಬ್ಬನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಕಟ, ಕಟ, ಕಟ ಅಂತ ತಡೆದು ತಡೆದು ತಿರುಗಿತು. ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿ, "ಎಂತ ಮಾರಾಯ್ರೆ, ಹೊಸತರಲ್ಲೇ ಬೇರಿಂಗ್ ಹೋಗಿದೆಯಲ್ಲ!" ಅಂದರು. ಬೇರಿಂಗ್ ಅಲ್ಲ, ಒಳಗಿನ ಅಯಸ್ಕಾಂತದ ಎಳೆತ ಅಂತ ಹೇಳಿದೆ. ನಂಬಲಿಲ್ಲ. ಚಕ್ರ ಕಟ್ಟಿ, ಬೆಂಡ್ ತೆಗೆದು, ಲೈಟಿನ ವೈರು ಸಿಕ್ಕಿಸಿ ಕೈಯಿಂದ ಜೋರಾಗಿ ತಿರುಗಿಸಿದಾಗ ಅಂಗಡಿಯ ಗೋಡೆಯೆಲ್ಲ ಬೆಳ್ಳಗಾಯಿತು. ಇನ್ನೊಮ್ಮೆ ತಿರುಗಿಸಿದರು. ಪಕ್ಕದ ಅಂಗಡಿಯವರನ್ನು ಕರೆದು ಅವರಿಗೂ ತೋರಿಸಿದರು. ಹೊಸದಾಗಿ ಕೊಂಡವರು ಈ ಕಟಕಟ ನೋಡಿ ಹೆದರಬೇಡಿ. ಸೈಕಲ್ ಓಡುವಾಗ ಅದು ಗೊತ್ತೇ ಆಗುವುದಿಲ್ಲ.

ತುಳಿಯುವಾಗ ಭಾರ ಅನ್ನಿಸುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಲೈಟು ಹಾಕಿದಾಗ ಐದಾರು ವ್ಯಾಟ್ ಹೆಚ್ಚು ಖರ್ಚಾಗುತ್ತದೆ. ದಿನವಿಡೀ ತುಳಿಯುವ ಹದದಲ್ಲಿ ನನ್ನ ಕಾಲು ಕೊಡುವುದು ಸುಮಾರು 130 ವ್ಯಾಟ್. ಅದರಲ್ಲಿ ಇದು ತೀರಾ ಚಿಕ್ಕ ಪಾಲು. ಏನೂ ಜೋಡಿಸದೆ ಇದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಚಾರ್ಜಿಂಗ್. ಹಬ್‌ನಿಂದ ಬರುವುದು ಎಸಿ ಕರೆಂಟು. ಅದನ್ನು 5 ವೋಲ್ಟಿನ ಡಿಸಿ ಮಾಡಲು ಒಂದು ಚಿಕ್ಕ ಚಾರ್ಜರ್ ಡಬ್ಬಿ ಬೇಕು. ಎಲ್ಲ ಕಳೆದು ಫೋನಿಗೆ ಸಿಗುವುದು ಎರಡೂವರೆ ವ್ಯಾಟ್ ಆಸುಪಾಸು. ನನ್ನ ಫೋನಿನ ಬ್ಯಾಟರಿ 5,000 ಎಂಎಎಚ್, ಅಂದರೆ ಸುಮಾರು 19 ವ್ಯಾಟ್ ಅವರ್. ಫೋನಿನ ಒಳಗೂ ಸ್ವಲ್ಪ ಪೋಲಾಗುವುದರಿಂದ, ಸೊನ್ನೆಯಿಂದ ತುಂಬಬೇಕಾದರೆ ಒಂಬತ್ತು ಹತ್ತು ಗಂಟೆ ಬಿಡದೆ ಓಡಿಸಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿ.ಮೀ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಹೋಗುವ ದಾರಿ. ಅಲ್ಲಿ ನನಗೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ ಹಿಡಿಯಿತು, ಫೋನು 30ರಿಂದ 56 ಪರ್ಸೆಂಟಿಗೆ ಏರಿತ್ತು. ತೀರ್ಥಹಳ್ಳಿಯಿಂದ ಆಗುಂಬೆಗೆ ಇನ್ನು 30 ಕಿ.ಮೀ., ಅಲ್ಲಿ ಮತ್ತೆ 10 ಪರ್ಸೆಂಟು. ಅಲ್ಲಿಯವರೆಗೆ ನನಗೆ ಖುಷಿಯೋ ಖುಷಿ.

ಆಮೇಲೆ ಸೋಮೇಶ್ವರಕ್ಕೆ ಇಳಿದು ವಾಪಸ್ ಹತ್ತಿದೆ. ಹದಿನಾಲ್ಕು ತಿರುವು, ಸಾಮಾನು ತುಂಬಿದ ಸೈಕಲ್ಲು, ವೇಗ ಏಳೋ ಎಂಟೋ. ನನ್ನ ಚಾರ್ಜರ್ ಕೆಲಸ ಶುರು ಮಾಡುವುದೇ 12ರ ಮೇಲೆ. ಚಾರ್ಜ್ ಏರುವುದಿರಲಿ, ಇಳಿಯಿತು! ತಿರುವಿನ ನಂತರ ಸ್ವಲ್ಪ ಸಮತಟ್ಟು ಸಿಕ್ಕಾಗ ಕರೆಂಟು ಬರುತ್ತದೆ, ಮತ್ತೆ ಏರು ಬಂದಾಗ ಹೋಗುತ್ತದೆ. ಬಂದಾಗಲೆಲ್ಲ ಫೋನಿನ ಸ್ಕ್ರೀನು ಎದ್ದು ಕೂರುತ್ತದೆ. ಹಾಗೆ ಎದ್ದೆದ್ದೇ ಬ್ಯಾಟರಿ ತಿಂದಿತು. ಇದನ್ನು ಯಾವ ಜಾಹೀರಾತಿನಲ್ಲೂ ಬರೆದಿರುವುದಿಲ್ಲ. ಪರಿಹಾರ ಏನೆಂದರೆ, ಡೈನಮೋದಿಂದ ಪವರ್ ಬ್ಯಾಂಕಿಗೆ, ಪವರ್ ಬ್ಯಾಂಕಿನಿಂದ ಫೋನಿಗೆ. ಅದಕ್ಕೂ ಎಲ್ಲ ಪವರ್ ಬ್ಯಾಂಕ್ ಆಗುವುದಿಲ್ಲ. ನನ್ನ ಮೊದಲನೆಯದು ಒಮ್ಮೆ ಕರೆಂಟು ಹೋದರೆ ವೈರು ಕಿತ್ತು ಮತ್ತೆ ಸಿಕ್ಕಿಸುವವರೆಗೂ ಚಾರ್ಜ್ ತಗೊಳ್ಳುತ್ತಲೇ ಇರಲಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಚಾರ್ಜ್ ಆಗುತ್ತಿರುವಾಗ ಗೋಡೆಯ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿ. ಪ್ರತಿ ಸಲವೂ ತಾನಾಗಿ ಶುರುವಾದರೆ ಮಾತ್ರ ಅದು ಆಗುತ್ತದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಈ ಪರೀಕ್ಷೆಯನ್ನು ಕರೆಂಟೇ ಮಾಡಿಕೊಡುತ್ತದೆ.

ಲೈಟಿನ ವಿಷಯ ಬೇರೆ. ಲೈಟು ಮತ್ತು ಚಾರ್ಜಿಂಗ್ ಎರಡಕ್ಕೂ ಒಟ್ಟಿಗೆ ಮೂರು ವ್ಯಾಟ್ ಸಾಲುವುದಿಲ್ಲ. ಹಗಲು ಚಾರ್ಜಿಂಗ್, ರಾತ್ರಿ ಲೈಟು ಅಂತ ಹಂಚಿಕೊಂಡಿದ್ದೇನೆ. ಇಳಿಜಾರಿನಲ್ಲಿ, ಸಮತಟ್ಟಿನಲ್ಲಿ ಬೆಳಕು ತುಂಬಾ ಚೆನ್ನಾಗಿದೆ. ಕಾರಿನ ಡಿಮ್ ಲೈಟಿನ ಹಾಗೆ ಮೇಲ್ಭಾಗ ಕತ್ತರಿಸಿದ ಬೆಳಕು, ಎದುರು ಬರುವವರ ಕಣ್ಣಿಗೆ ಹೊಡೆಯುವುದಿಲ್ಲ. ನಿಂತರೂ ನಾಲ್ಕೈದು ನಿಮಿಷ ಸಣ್ಣಗೆ ಉರಿಯುತ್ತದೆ. ಏರಿನಲ್ಲಿ ಮಾತ್ರ ಕಷ್ಟ.

ಅದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಕಳೆದ ವರ್ಷದ ಆಗಸ್ಟ್‌ನಲ್ಲಿ, ಬಾಳೆಬರೆ ಘಾಟಿಯಲ್ಲಿ. ಹೊಸಂಗಡಿಯಿಂದ ಹುಲಿಕಲ್ ಕಡೆಗೆ ಹತ್ತುತ್ತಿದ್ದೆ. ರಾತ್ರಿ ಒಂಬತ್ತು ದಾಟಿತ್ತು, ಜಿಟಿಜಿಟಿ ಮಳೆ, ಮಂಜು. ವೇಗ ಆರಕ್ಕೆ ಇಳಿದಾಗ ಬೆಳಕು ಒಂದೊಂದು ತುಳಿತಕ್ಕೂ ಏರುತ್ತಾ ಇಳಿಯುತ್ತಾ ನಡುಗುತ್ತಿತ್ತು. ಹೆಲ್ಮೆಟ್ಟಿನ ಟಾರ್ಚ್ ಹಾಕಿದೆ. ಮಂಜಿನ ಮೇಲೆ ಬಿದ್ದು ಕಣ್ಣ ಮುಂದೆ ಬಿಳಿ ಗೋಡೆ ಎದ್ದಂತಾಯಿತು. ಆರಿಸಿದೆ. ಒಂದು ತಿರುವಿನಲ್ಲಿ ರಸ್ತೆಯ ಅಂಚು ಯಾಕೋ ಎತ್ತರ ಇದೆ ಅನ್ನಿಸಿತು. ಇನ್ನು ಹತ್ತು ಹೆಜ್ಜೆ ಹೋದಾಗ ಆ ಎತ್ತರಕ್ಕೆ ಬಿಳಿ ಕಾಲುಚೀಲ ಹಾಕಿದಂಥ ಕಾಲುಗಳು ಕಂಡವು. ಕಾಡುಕೋಣ. ಬ್ರೇಕ್ ಹಿಡಿದು ನಿಂತೆ. ಅದರ ಉಸಿರು ಕೇಳುತ್ತಿತ್ತು. ನಿಂತಾಗ ಉಳಿಯುವ ಆ ಸಣ್ಣ ಬೆಳಕಿನಲ್ಲಿ ಅದೂ ನಾನೂ ಎಷ್ಟು ಹೊತ್ತು ನಿಂತಿದ್ದೆವೋ. ಕೊನೆಗೆ ಅದೇ ಚರಂಡಿ ದಾಟಿ ಕಾಡಿಗೆ ಇಳಿಯಿತು. ನನ್ನ ಕೈ ಮಾಸ್ತಿಕಟ್ಟೆ ತಲುಪುವವರೆಗೂ ನಡುಗುತ್ತಿತ್ತು.

ಅವತ್ತಿನಿಂದ ಒಂದು ಚಿಕ್ಕ ಟಾರ್ಚನ್ನು ಹ್ಯಾಂಡಲ್ಲಿನ ಕೆಳಗೆ ಹಳೆ ಟ್ಯೂಬಿನ ತುಂಡಿನಿಂದ ಕಟ್ಟಿದ್ದೇನೆ. ಬೆಳಕು ತಗ್ಗಿನಿಂದ ಹೋದರೆ ಮಂಜು ಅಷ್ಟು ಕಾಡುವುದಿಲ್ಲ. ಏರು ಬಂದರೆ ಅದು, ಇಳಿಜಾರಿಗೆ ಡೈನಮೋ. ಟೂರ್ ಡಿವೈಡ್ ದಾರಿಯಲ್ಲಿ ಕರಡಿಗಳಿವೆ. ಅಲ್ಲಿಗೂ ಇದೇ ಏರ್ಪಾಡು ಹೋಗುತ್ತದೆ.

ರಿಪೇರಿ ವಿಷಯಕ್ಕೆ ಬರುತ್ತೇನೆ. ಹಬ್‌ಗೆ ಏನೂ ಆಗಿಲ್ಲ. ನಿಟ್ಟೂರು, ಸಂಪೆಕಟ್ಟೆ ಕಡೆಯ ಕೆಂಪು ಕೆಸರಿನಲ್ಲಿ ಎಷ್ಟು ಸಲ ಮುಳುಗಿತೋ ಲೆಕ್ಕವಿಲ್ಲ. ತೊಂದರೆ ಕೊಟ್ಟಿದ್ದು ಅದರ ಸುತ್ತ ಇರುವ ಸಣ್ಣಪುಟ್ಟವು. ಮೊದಲ ಮಳೆಗಾಲದ ನಡುವೆ ಲೈಟು ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಬಿಚ್ಚಿ ನೋಡಿದರೆ ಹಬ್‌ಗೆ ವೈರು ಸಿಕ್ಕಿಸುವ ಎರಡು ಪುಟ್ಟ ಕ್ಲಿಪ್ಪುಗಳಲ್ಲಿ ಹಸಿರು ಕಿಲುಬು. ಉಗುರಿನ ಅರ್ಧದಷ್ಟಿರುವ ಕ್ಲಿಪ್ಪು. ಸ್ಯಾಂಡ್ ಪೇಪರ್ ಒಳಗೆ ಹೋಗುವುದಿಲ್ಲ. ಅಮ್ಮ ನೋಡಿ, "ತಾಮ್ರದ ಚೊಂಬಿಗೆ ಎಂತ ಹಾಕಿ ತಿಕ್ತೀವಿ? ಅದನ್ನೇ ಹಾಕು" ಅಂದರು. ಹುಣಸೆಹಣ್ಣಿನ ರಸದಲ್ಲಿ ಹತ್ತು ನಿಮಿಷ ನೆನೆಸಿ, ಕಡ್ಡಿಗೆ ಹತ್ತಿ ಸುತ್ತಿ ಉಜ್ಜಿದೆ. ಒಳಗೆ ಕೆಂಪಗೆ ಹೊಳೆಯಿತು. ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ವ್ಯಾಸಲಿನ್ ತುಂಬಿದೆ. ಆಮೇಲೆ ಎರಡು ತಿಂಗಳಿಗೊಮ್ಮೆ ವ್ಯಾಸಲಿನ್ ಬದಲಿಸುತ್ತೇನೆ, ಕಿಲುಬು ಮತ್ತೆ ಬಂದಿಲ್ಲ.

ಇನ್ನೊಂದು ನನ್ನದೇ ತಪ್ಪು. ಮಂಡಗದ್ದೆ ಹತ್ತಿರ ಪಂಕ್ಚರ್ ಆದಾಗ ವೈರು ಬಿಡಿಸದೆ ಚಕ್ರ ಎಳೆದೆ. ಕ್ಲಿಪ್ಪು ಕಿತ್ತು ಬಂತು. ಅವತ್ತು ಕತ್ತಲಾಗುವ ಮೊದಲು ಊರು ಸೇರಲು ಒದ್ದಾಡಿದೆ. ಈಗ ಫೋರ್ಕಿನ ಮೇಲೆ, ವೈರಿನ ಪಕ್ಕದಲ್ಲೇ, ಕೆಂಪು ಟೇಪು ಸುತ್ತಿದ್ದೇನೆ. ಚಕ್ರಕ್ಕೆ ಕೈ ಹಾಕಿದಾಗ ಕಣ್ಣಿಗೆ ಬೀಳಲಿ ಅಂತ.

ದೊಡ್ಡ ಪೆಟ್ಟು ಚಾರ್ಜರಿನದು. ಎರಡನೇ ಮಳೆಗಾಲದ ಮೊದಲ ವಾರದಲ್ಲೇ, ಹೊಸನಗರ ದಾಟಿದ ಮೇಲೆ ಸತ್ತುಹೋಯಿತು. ಹ್ಯಾಂಡಲ್ ಹತ್ತಿರ ತೆರೆದ ಜಾಗದಲ್ಲಿ ಕೂರಿಸುವಂಥದ್ದು, ನೀರು ತಡೆಯುತ್ತದೆ ಅಂತಲೇ ಮಾರಿದ್ದರು. ಮನೆಗೆ ಬಂದು ಬಿಚ್ಚಿದಾಗ ಒಳಗಿಂದ ನೀರು ಹನಿಯಿತು. ಮಾರಿದವರಿಗೆ ಬರೆದರೆ, ನೀರು ಹೋಗಿದ್ದರೆ ವಾರಂಟಿ ಇಲ್ಲ ಅಂದರು. ಬೇಸರವಾಯಿತು. ಆದರೆ ಇದು ವಯೋಮಿಂಗ್‌ನ ಬಯಲಿನಲ್ಲಿ ಆಗದೆ ಹೊಸನಗರದಲ್ಲಿ ಆಯಿತಲ್ಲ ಅಂತ ಸಮಾಧಾನವೂ ಆಯಿತು. ಅಲ್ಲಿ ಗ್ರೇಟ್ ಡಿವೈಡ್ ಬೇಸಿನ್ ಅಂತ ಒಂದು ಕಡೆ ಸುಮಾರು 200 ಕಿ.ಮೀ. ಊರೇ ಸಿಗುವುದಿಲ್ಲ. ಈಗಿನ ಚಾರ್ಜರ್ ಫ್ರೇಮಿನ ಚೀಲದ ಒಳಗೆ ಕೂತಿದೆ. ವೈರು ಕೆಳಗಿನಿಂದ ಒಳಗೆ ಹೋಗುತ್ತದೆ, ಹೋಗುವ ಮೊದಲು ಒಂದು ಸಣ್ಣ ಕೊಕ್ಕೆಯಂತೆ ತಗ್ಗಿ ಏರುತ್ತದೆ. ವೈರಿನ ಗುಂಟ ಬಂದ ನೀರು ಆ ತಗ್ಗಿನಲ್ಲೇ ಹನಿದು ಹೋಗುತ್ತದೆ. ಜುಲೈ, ಆಗಸ್ಟ್ ಪೂರ್ತಿ ಹೀಗೇ ಓಡಿಸಿದೆ, ಚೀಲದ ಒಳಗೆ ಒಂದು ಹನಿ ಇಲ್ಲ.

ನನಗೆ ಇನ್ನೂ ಉಳಿದಿರುವ ಚಿಂತೆ ಹಬ್‌ನ ಬೇರಿಂಗ್. ನನ್ನ ಹಬ್‌ದು ಮನೆಯಲ್ಲಿ ಬದಲಿಸುವಂಥದ್ದಲ್ಲ, ಕಂಪನಿಗೇ ಕಳಿಸಬೇಕು. ಈಗ ಸದ್ದಿಲ್ಲ, ಅಲುಗಾಟವೂ ಇಲ್ಲ. ಆದರೂ ರೇಸಿಗೆ ಎರಡು ತಿಂಗಳು ಮೊದಲೇ ಕಳಿಸಿ ಹೊಸ ಬೇರಿಂಗ್ ಹಾಕಿಸುತ್ತೇನೆ. ಒಂದು ವೇಳೆ ದಾರಿಯಲ್ಲಿ ಕೈಕೊಟ್ಟರೆ ಯಾವುದಾದರೂ ಸೈಕಲ್ ಶಾಪಿನಲ್ಲಿ ಸಾಮಾನ್ಯ ಚಕ್ರ ಕೊಂಡು ಮುಂದೆ ಹೋಗಬಹುದು. ನಿಯಮ ಅದನ್ನು ತಡೆಯುವುದಿಲ್ಲ.

ಹಬ್, ರಿಮ್, ಕಡ್ಡಿ, ಲೈಟು, ಮೊದಲ ಚಾರ್ಜರ್ ಸೇರಿ ನನಗೆ 42 ಸಾವಿರ ಆಯಿತು, ಎರಡನೇ ಚಾರ್ಜರ್ ಬೇರೆ. ಸಣ್ಣ ಮೊತ್ತವಲ್ಲ. 200, 300 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿ, ಓಡಿಸುವವರಿಗೆ ಇದು ಬೇಡವೇ ಬೇಡ. 300ಕ್ಕೆ ಸಿಗುವುದೇ 20 ಗಂಟೆ, ಒಂದು ಒಳ್ಳೆಯ ಲೈಟು, ಒಂದು ಪವರ್ ಬ್ಯಾಂಕ್ ಸಾಕು. 600ಕ್ಕೂ ನಾನು ಇದನ್ನು ಕೊಳ್ಳಿ ಅನ್ನುವುದಿಲ್ಲ. ವಾರಗಟ್ಟಲೆ ಕಾಡಿನಲ್ಲಿ, ಬಯಲಿನಲ್ಲಿ ಮಲಗುತ್ತಾ ಹೋಗುವವರು ಮಾತ್ರ ಯೋಚಿಸಿ. ಚಾರ್ಜ್ ಮಾಡಲೆಂದೇ ಲಾಡ್ಜ್ ಹುಡುಕಿ ಅರ್ಧ ದಿನ ಕಳೆಯುವುದು ತಪ್ಪುತ್ತದೆ. ಕಳೆದ ತಿಂಗಳು ತೀರ್ಥಹಳ್ಳಿ, ಬಿದನೂರು ನಗರ, ಸಾಗರ, ಜೋಗ ಅಂತ ಐದು ದಿನ ಸುತ್ತಿದೆ. ಒಮ್ಮೆಯೂ ಯಾರ ಮನೆಯ ಪ್ಲಗ್ಗಿಗೂ ಕೈ ಹಾಕಲಿಲ್ಲ. ಮನೆಗೆ ಬಂದಾಗ ಫೋನು 71, ಪವರ್ ಬ್ಯಾಂಕು ಅರ್ಧ.

ರೇಸಿಗೆ ಒಯ್ಯುವ ಡೈನಮೋ ಸಾಮಾನೆಲ್ಲ ಈಗ ಒಂದು ಪುಟ್ಟ ಡಬ್ಬಿಯಲ್ಲಿ ಹಿಡಿಯುತ್ತದೆ: ನಾಲ್ಕು ಕ್ಲಿಪ್ಪು, ಒಂದು ಮಾರು ವೈರು, ಟೇಪು, ವ್ಯಾಸಲಿನ್. ಅಮ್ಮ ಅದರ ಮೂಲೆಯಲ್ಲಿ ಒಣಗಿಸಿದ ಹುಣಸೆಹಣ್ಣಿನ ಒಂದು ಉಂಡೆಯನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದಾರೆ.